ಯುದ್ಧ, ಪ್ರೇಮ ಮತ್ತು ಅಂಚೆಚೀಲ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಐದು ಎಕರೆ ಹರವಿನ ಮರದ ಕಟ್ಟಡವೊಂದು ಎದ್ದಿತು. ಒಳಗೆ ಬಂದೂಕಿಲ್ಲ, ಮದ್ದುಗುಂಡಿಲ್ಲ, ಬರೀ ಕಾಗದ. ಬ್ರಿಟಿಷ್ ಸೈನಿಕರಿಗೆ ಬರೆದ ಕಾಗದಗಳೆಲ್ಲ ಅಲ್ಲಿಗೆ ಬಂದು, ಪಡೆಪಡೆಗೆ ವಿಂಗಡವಾಗಿ, ಚೀಲ ಸೇರಿ, ಕಡಲು ದಾಟುತ್ತಿದ್ದವು. ಎರಡೂವರೆ ಸಾವಿರ ಜನಕ್ಕೆ ಅಲ್ಲಿ ಇದೇ ಕೆಲಸ. ಅವರಲ್ಲಿ ಹೆಚ್ಚಿನವರು ಹೆಂಗಸರು. ಯುದ್ಧ ಕಾವೇರಿದ ದಿನಗಳಲ್ಲಿ ವಾರವೊಂದಕ್ಕೆ 1 ಕೋಟಿ 20 ಲಕ್ಷ ಕಾಗದ, 10 ಲಕ್ಷ ಪಾರ್ಸೆಲ್ಲುಗಳು ಅವರ ಕೈದಾಟುತ್ತಿದ್ದವು. ಇಂಗ್ಲೆಂಡಿನಲ್ಲಿ ಡಬ್ಬಕ್ಕೆ ಹಾಕಿದ ಕಾಗದ ಫ್ರಾನ್ಸಿನ ಕಂದಕದಲ್ಲಿ ಕೂತ ಹುಡುಗನ ಕೈಸೇರಲು ಸಾಮಾನ್ಯವಾಗಿ ಎರಡು ದಿನ ಸಾಕಾಗುತ್ತಿತ್ತು.

ಯುದ್ಧ ಅಗಲಿಸಿದ ಎಳೆಯ ಪ್ರೇಮಿಗಳ ಕಥೆ ಬರೆಯಹೊರಟವರು ರಣರಂಗಕ್ಕೆ ಕಾಲಿಡುವ ಮುನ್ನ ಈ ಕಟ್ಟಡದಲ್ಲಿ ಒಂದು ಸುತ್ತು ಹಾಕಿ ಬರುವುದು ಒಳ್ಳೆಯದು. ಇಂಥ ಕಾದಂಬರಿಗಳಲ್ಲಿ ಗೆದ್ದವುಗಳನ್ನು ತೆಗೆದು ನೋಡಿದರೆ, ಪ್ರೇಮಿಗಳ ನಡುವೆ ಅಡ್ಡ ನಿಲ್ಲುವುದು ಶತ್ರುವಿನ ಫಿರಂಗಿಗಿಂತ ಹೆಚ್ಚಾಗಿ ಸುದ್ದಿ. ಬಾರದ ಸುದ್ದಿ, ತಡವಾಗಿ ಬಂದ ಸುದ್ದಿ, ನಡುವೆ ಯಾರೋ ಓದಿ ಮಸಿ ಬಳಿದ ಸುದ್ದಿ, ಇನ್ನೊಬ್ಬರ ವಿಳಾಸಕ್ಕೆ ಹೋದ ಸುದ್ದಿ. ಗುಂಡಿನದು ಒಂದು ಕ್ಷಣದ ಕೆಲಸ. ನಾನೂರು ಪುಟ ತುಂಬಬೇಕಾದರೆ ಯಾರಾದರೂ ಕಾಯಬೇಕು.

ಐತಿಹಾಸಿಕ ಕಾದಂಬರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. 1918ರ ನವೆಂಬರ್ 11ಕ್ಕೆ ಯುದ್ಧ ಮುಗಿಯುತ್ತದೆ ಎನ್ನುವುದು ಓದುಗನಿಗೆ ಮೊದಲೇ ಗೊತ್ತು. 1917ರ ಚಳಿಗಾಲದಲ್ಲಿ ಬಾಗಿಲಲ್ಲಿ ನಿಂತು ಅಂಚೆಯವನ ದಾರಿ ನೋಡುವ ಹುಡುಗಿಗೆ ಅದು ಗೊತ್ತಿಲ್ಲ. ಊರಿಗೆಲ್ಲ ಗೊತ್ತಿರುವ ಇತಿಹಾಸಕ್ಕೂ ಅವಳೊಬ್ಬಳಿಗೆ ಬೇಕಾದ ಸಮಾಚಾರಕ್ಕೂ ನಡುವಿನ ಈ ಅಂತರದಲ್ಲೇ ಲೇಖಕನ ಬಂಡವಾಳವೆಲ್ಲ ಇದೆ.

ಆ ಕಾಲದ ಬ್ರಿಟಿಷ್ ಸೈನಿಕನಿಗೆ ಸಿಗುತ್ತಿದ್ದ ಒಂದು ಅಚ್ಚಿನ ಕಾರ್ಡನ್ನು ನೋಡಬೇಕು. ಅದರಲ್ಲಿ ಸಾಲುಗಳೆಲ್ಲ ಮೊದಲೇ ಅಚ್ಚಾಗಿರುತ್ತಿದ್ದವು: ಆರೋಗ್ಯವಾಗಿದ್ದೇನೆ ಎಂದೊಂದು ಸಾಲು, ಆಸ್ಪತ್ರೆ ಸೇರಿದ್ದೇನೆ ಎಂದು ಇನ್ನೊಂದು, ಅದರ ಕೆಳಗೆ ಕಾಯಿಲೆಯೋ ಗಾಯವೋ ಎಂಬ ಆಯ್ಕೆ, ನಿಮ್ಮ ಕಾಗದ ಬಂತು ಅಥವಾ ಬಹಳ ದಿನದಿಂದ ಬಂದಿಲ್ಲ ಎಂಬ ಸಾಲುಗಳು. ಸೈನಿಕ ಬೇಡದ್ದನ್ನು ಗೀಚಿ ಹೊಡೆದುಹಾಕಿ, ತಾರೀಖು ಹಾಕಿ, ರುಜು ಮಾಡಬೇಕು. ಅದರ ಮೇಲೆ ಒಂದಕ್ಷರ ಸೇರಿಸಿದರೂ ಕಾರ್ಡನ್ನು ಹರಿದುಹಾಕಲಾಗುವುದು ಎಂಬ ಎಚ್ಚರಿಕೆಯೂ ಅದರಲ್ಲೇ ಅಚ್ಚಾಗಿತ್ತು. ನಮ್ಮ ಹಿರಿಯರ ಕಾಗದಗಳ ‘ಉಭಯಕುಶಲೋಪರಿ’ಯನ್ನು ಸರ್ಕಾರವೇ ಅಚ್ಚು ಹಾಕಿಸಿ, ಅಲ್ಲಿಗೇ ಕಾಗದ ಮುಗಿಸಿದ ಹಾಗೆ.

ದೊಡ್ಡ ದಾಳಿಗೆ ಮುಂಚೆ, ದಾಳಿಯ ಬಳಿಕ ಇವು ರಾಶಿರಾಶಿಯಾಗಿ ಹೊರಡುತ್ತಿದ್ದವು. ತಾಯಂದಿರೂ ಹುಡುಗಿಯರೂ ಉಳಿದ ಸಾಲನ್ನಷ್ಟೇ ಅಲ್ಲ, ಹೊಡೆದುಹಾಕಿದ ಸಾಲುಗಳನ್ನೂ ಬೆಳಕಿಗೆ ಹಿಡಿದು ಓದಿದ್ದರೆ ಆಶ್ಚರ್ಯವಿಲ್ಲ. ಪೂರ್ತಿ ಕಾಗದ ಬರೆದವನ ಪಾಡೂ ಸುಖದ್ದಲ್ಲ. ಅವನ ಪ್ರೇಮಪತ್ರವನ್ನು ಮೊದಲು ಓದುತ್ತಿದ್ದವನು ಅವನದೇ ಪಡೆಯ ಕಿರಿಯ ಅಧಿಕಾರಿ. ಬೆಳಗ್ಗೆ ಯಾರ ಎದುರು ಸೆಲ್ಯೂಟ್ ಹೊಡೆದು ನಿಲ್ಲಬೇಕೋ ಅವನೇ ಸಂಜೆ ನಲ್ಲೆಗೆ ಬರೆದದ್ದನ್ನು ತೆರೆದು ನೋಡುತ್ತಾನೆ ಎಂದಮೇಲೆ ಯಾವ ಹುಡುಗ ತಾನೇ ಮನಸ್ಸು ಬಿಚ್ಚಿಯಾನು? ಆಮೇಲೆ ಹಸಿರು ಲಕೋಟೆಯೊಂದು ಬಂತು. ಖಾಸಗಿ ವಿಷಯವಲ್ಲದೆ ಬೇರೇನೂ ಇಲ್ಲವೆಂದು ಪ್ರಮಾಣ ಮಾಡಿ ರುಜು ಹಾಕಿದರೆ ಅದನ್ನು ಪಡೆಯೊಳಗೆ ಯಾರೂ ತೆರೆಯುತ್ತಿರಲಿಲ್ಲ. ಆದರೆ ಅದು ಅಪರೂಪಕ್ಕೆ ಸಿಗುತ್ತಿತ್ತು, ಸಿಕ್ಕರೂ ಹಿಂದಿನ ಠಾಣ್ಯದಲ್ಲಿ ತೆರೆಯುವ ಹಕ್ಕು ಸರ್ಕಾರಕ್ಕೆ ಇದ್ದೇ ಇತ್ತು.

ಈ ಕಾಗದಪತ್ರದ ಲೋಕವನ್ನು ಸೆಬಾಸ್ತಿಯಾಂ ಜಾಪ್ರಿಸೊ ಅರಗಿಸಿಕೊಂಡಷ್ಟು ಕಾದಂಬರಿಕಾರರಲ್ಲಿ ಬೇರೆಯವರು ಅರಗಿಸಿಕೊಂಡದ್ದು ಕಡಿಮೆ. ಜಾಪ್ರಿಸೊ ಮೂಲತಃ ಪತ್ತೇದಾರಿ ಕಾದಂಬರಿಗಳ ಲೇಖಕರು. ಹುಟ್ಟಿದ್ದು 1931ರಲ್ಲಿ, ಮಾರ್ಸೇಲಿನಲ್ಲಿ. ನಿಜವಾದ ಹೆಸರು ಜಾನ್ ಬಾಪ್ಟಿಸ್ಟ್ ರೊಸ್ಸಿ. ಅದರ ಅಕ್ಷರಗಳನ್ನೇ ಅತ್ತಿತ್ತ ಮಾಡಿ ಕಾವ್ಯನಾಮ ಕಟ್ಟಿಕೊಂಡಿದ್ದರು. ಅವರು 1991ರಲ್ಲಿ ಬರೆದು, ಆ ವರ್ಷದ ಆಂತೆರಾಲಿಯೆ ಪ್ರಶಸ್ತಿ ಪಡೆದ ಕಾದಂಬರಿ ಇಂಗ್ಲಿಷಿನಲ್ಲಿ ‘ಅ ವೆರಿ ಲಾಂಗ್ ಎಂಗೇಜ್‌ಮೆಂಟ್’ ಎಂದು ಬಂದಿದೆ. 1917ರ ಜನವರಿಯ ಹಿಮದಲ್ಲಿ, ಸೊಮ್ ಪ್ರಾಂತ್ಯದ ಕಂದಕವೊಂದಕ್ಕೆ ಐದು ಜನ ಫ್ರೆಂಚ್ ಸೈನಿಕರನ್ನು ಕೈಕಟ್ಟಿ ತರುತ್ತಾರೆ. ಯುದ್ಧದಿಂದ ಪಾರಾಗಲು ತಮ್ಮ ಕೈಗೆ ತಾವೇ ಗಾಯ ಮಾಡಿಕೊಂಡರೆನ್ನುವುದು ಅವರ ಮೇಲಿನ ಆರೋಪ. ಗುಂಡಿಟ್ಟು ಕೊಲ್ಲುವ ಬದಲು ಎರಡೂ ಕಡೆಯ ಕಂದಕಗಳ ನಡುವಿನ ಬಯಲಿಗೆ ಅವರನ್ನು ತಳ್ಳಲಾಗುತ್ತದೆ. ಐವರಲ್ಲಿ ಕಿರಿಯವನು ಮನೆಕ್, ಮೀನುಗಾರರ ಹುಡುಗ, ಇಪ್ಪತ್ತು ತುಂಬಲು ಇನ್ನೂ ಕೆಲವು ತಿಂಗಳು ಬಾಕಿ. ಊರಲ್ಲಿ ಅವನಿಗೆ ಮತಿಲ್ದ್ ಎಂಬ ಹುಡುಗಿಯಿದ್ದಾಳೆ.

ಮತಿಲ್ದ್ ಗಾಲಿಕುರ್ಚಿಯಲ್ಲಿ ಕೂತ ಹುಡುಗಿ, ಮೂರು ವರ್ಷದವಳಿದ್ದಾಗ ಬಿದ್ದು ನಡಿಗೆ ಕಳೆದುಕೊಂಡವಳು. ಯುದ್ಧ ಮುಗಿದ ಮೇಲೆ, ಆ ಐವರನ್ನು ಕಂದಕಕ್ಕೆ ತಲುಪಿಸಿದ್ದ ಸಾರ್ಜೆಂಟನೊಬ್ಬ ಸಾಯುವ ಹೊತ್ತಿಗೆ ಅವಳಿಗೆ ಹೇಳಿಕಳಿಸುತ್ತಾನೆ. ಐವರೂ ಕೊನೆಯದಾಗಿ ಮನೆಗೆ ಬರೆಸಿದ ಕಾಗದಗಳ ನಕಲು ಅವನ ಬಳಿ ಇದೆ. ಅಲ್ಲಿಂದ ಅವಳ ಹುಡುಕಾಟ ಶುರು. ಅವಳು ಪತ್ರಿಕೆಗಳಿಗೆ ಜಾಹೀರಾತು ಕೊಡುತ್ತಾಳೆ, ಬದುಕುಳಿದ ಸೈನಿಕರಿಗೆ ಬರೆಯುತ್ತಾಳೆ, ವಿಧವೆಯರಿಗೆ ಬರೆಯುತ್ತಾಳೆ, ಬಂದ ಒಂದೊಂದು ಉತ್ತರವನ್ನೂ ಪೆಟ್ಟಿಗೆಯಲ್ಲಿ ಕೂಡಿಡುತ್ತಾಳೆ. ಐವರಲ್ಲಿ ರೈತನೊಬ್ಬನ ಕಾಗದ ಮೇಲುನೋಟಕ್ಕೆ ಹೊಲಮನೆಯ ಮಾತು. ಗಂಡಹೆಂಡಿರು ಮೊದಲೇ ಮಾತಾಡಿಕೊಂಡಿದ್ದ ಕ್ರಮದಲ್ಲಿ ಓದಿದರೆ ಬೇರೆಯೇ ಸಮಾಚಾರ. ಸೆನ್ಸಾರ್ ಕಣ್ಣಿಗೆ ಮಣ್ಣೆರಚಿದ ಆ ಒಂದು ಹಾಳೆಯಿಂದ ಕಥೆಯ ಗಂಟು ಸಡಿಲವಾಗತೊಡಗುತ್ತದೆ. ಇನ್ನೊಂದು ಕಾಗದದ ಸಂಗತಿ ಓದುವಾಗ ಮಾತ್ರ ಮೈ ಉರಿಯುತ್ತದೆ. ಐವರಿಗೂ ರಾಷ್ಟ್ರಾಧ್ಯಕ್ಷರು ಕ್ಷಮಾದಾನ ಕೊಟ್ಟಾಗಿತ್ತು. ಮೇಲಧಿಕಾರಿಯೊಬ್ಬ ಅದನ್ನು ಮುಂದಕ್ಕೆ ಕಳಿಸದೆ ಇಟ್ಟುಕೊಂಡಿದ್ದ.

ಮುಂದೇನಾಯಿತೆಂದು ಇಲ್ಲಿ ಹೇಳಿದರೆ ಓದದವರ ಶಾಪ ತಟ್ಟೀತು. 2004ರಲ್ಲಿ ಜಾನ್ ಪಿಯರ್ ಜ್ಯೂನೆ ಇದನ್ನು ಸಿನಿಮಾ ಮಾಡಿದರು, ಓದ್ರೆ ತೊತು ಮತಿಲ್ದ್ ಆದರು. ನೋಡಲು ಸೊಗಸಾದ ಚಿತ್ರ. ಆದರೆ ಅದರಲ್ಲಿ ಮತಿಲ್ದ್ ಕುಂಟುತ್ತ ನಡೆದಾಡುತ್ತಾಳೆ, ಅವಳ ಕಾಲಿಗೆ ಪೋಲಿಯೊ. ತೆರೆಗೆ ಓಡಾಟ ಬೇಕೇ ಬೇಕು, ಆ ಮಾತು ಬೇರೆ. ಕಾದಂಬರಿಯಲ್ಲಿ ಅವಳು ಕೂತಲ್ಲೇ ಇರುವುದು ಮತ್ತು ಇಡೀ ಯುದ್ಧ ಅಂಚೆಯ ಮೂಲಕ ಅವಳಿದ್ದಲ್ಲಿಗೆ ಬರುವುದೇ ಕಥೆಯ ಜೀವ. ಸಿನಿಮಾ ಅದನ್ನು ಬಿಟ್ಟುಕೊಟ್ಟಿತು.

ಕಥೆಯ ಕ್ರೌರ್ಯ ಲೇಖಕರ ಕಲ್ಪನೆಯಲ್ಲಿ ಹುಟ್ಟಿದ್ದಲ್ಲ. ಶಿಸ್ತು ಕಲಿಸುವ ನೆಪದಲ್ಲಿ ಫ್ರೆಂಚ್ ಸೈನ್ಯ ಆ ಯುದ್ಧದಲ್ಲಿ ತನ್ನದೇ 600ಕ್ಕೂ ಹೆಚ್ಚು ಸೈನಿಕರನ್ನು ಗುಂಡಿಟ್ಟು ಕೊಂದಿತು. 1914ರ ಡಿಸೆಂಬರ್ 4ರಂದು ವ್ಯಾಂಗ್ರೆ ಎಂಬ ಹಳ್ಳಿಯಲ್ಲಿ ಹಾಗೆ ಸತ್ತ ಆರು ಜನರಲ್ಲಿ ಕೆಲವರು ಹಿಂದಿನ ರಾತ್ರಿ ಹೆಂಡಂದಿರಿಗೆ ಬರೆದ ಕಾಗದಗಳು ಉಳಿದುಬಂದಿವೆ. ಆ ಆರು ಜನ ನಿರಪರಾಧಿಗಳೆಂದು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಘೋಷಿಸಿದ್ದು 1921ರ ಜನವರಿಯಲ್ಲಿ.

ಮದುವೆಯಾಗದ ಹುಡುಗಿಯ ಸಂಕಟ ಇನ್ನೊಂದು ಬಗೆಯದು. ಸೈನಿಕ ಸತ್ತರೆ ಸರ್ಕಾರ ತಿಳಿಸುವುದು ಅಪ್ಪ ಅಮ್ಮನಿಗೆ ಅಥವಾ ಹೆಂಡತಿಗೆ. ಫ್ರಾನ್ಸಿನಲ್ಲಿ ಊರ ಮೇಯರ್ ಮನೆಬಾಗಿಲಿಗೆ ಬರುತ್ತಿದ್ದ. ಇಂಗ್ಲೆಂಡಿನಲ್ಲಿ ಅಧಿಕಾರಿಯ ಮನೆಗೆ ತಂತಿ, ಸಾಮಾನ್ಯ ಸೈನಿಕನ ಮನೆಗೆ ಅಂಚೆಯಲ್ಲಿ ಒಂದು ಅಚ್ಚಿನ ಫಾರಂ. ಸಾವು ಬಂದಲ್ಲೂ ದರ್ಜೆಯ ಲೆಕ್ಕ ತಪ್ಪಲಿಲ್ಲ. ನಿಶ್ಚಿತಾರ್ಥವಾದವಳ ಹೆಸರು ಈ ಯಾವ ಪಟ್ಟಿಯಲ್ಲೂ ಇರುತ್ತಿರಲಿಲ್ಲ. ಇಂಗ್ಲಿಷ್ ಲೇಖಕಿ ವೆರಾ ಬ್ರಿಟನ್ 1933ರ ತಮ್ಮ ಆತ್ಮಕಥೆ ‘ಟೆಸ್ಟಮೆಂಟ್ ಆಫ್ ಯೂತ್’ನಲ್ಲಿ ಬರೆದುಕೊಂಡದ್ದು ಇದನ್ನೇ. 1915ರ ಕ್ರಿಸ್‌ಮಸ್ ರಜಕ್ಕೆ ಬರಬೇಕಿದ್ದ ತಮ್ಮ ನಿಶ್ಚಿತ ವರ ರೋಲಂಡ್ ಲೇಟನ್‌ಗಾಗಿ ಅವರು ಬ್ರೈಟನ್ನಿನ ಹೋಟೆಲೊಂದರಲ್ಲಿ ಕಾಯುತ್ತಿದ್ದರು. ಫೋನ್ ಬಂತು ಎಂದಾಗ ಅವನದೇ ಎಂದುಕೊಂಡು ಓಡಿದರು. ಆ ಕಡೆಯಿಂದ ಮಾತಾಡಿದವಳು ಅವನ ತಂಗಿ. ರೋಲಂಡ್ ಡಿಸೆಂಬರ್ 23ರಂದೇ ತೀರಿಕೊಂಡಿದ್ದ. ತಂತಿ ಅವನ ಮನೆಗೆ ಹೋಗಿತ್ತು.

ಮದುವೆಯಾಗದವರ ಈ ಸಂಕಟವನ್ನು ಫ್ರೆಂಚ್ ಸರ್ಕಾರ ಅರ್ಧ ಅರಿತಿತ್ತು ಎನ್ನಬೇಕು. 1915ರ ಏಪ್ರಿಲ್ 4ರ ಕಾನೂನೊಂದು ಕಂದಕದಲ್ಲಿದ್ದ ಸೈನಿಕ ಊರಿಗೆ ಬಾರದೆಯೇ, ತನ್ನ ಪರವಾಗಿ ಇನ್ನೊಬ್ಬನನ್ನು ನಿಲ್ಲಿಸಿ, ಮದುವೆಯಾಗಲು ಅವಕಾಶ ಕೊಟ್ಟಿತು. ವರನಿಲ್ಲದ ಮದುವೆಮನೆ! ಬರೆಯಬಲ್ಲವರ ಕೈಗೆ ಸಿಕ್ಕರೆ ಅದೊಂದೇ ದೃಶ್ಯ ಕಾದಂಬರಿಯ ಅರ್ಧ ಭಾರ ಹೊರುತ್ತದೆ.

ಸತ್ತವನ ಸುದ್ದಿಯಾದರೂ ಸುದ್ದಿಯೇ. ‘ಕಾಣೆಯಾಗಿದ್ದಾನೆ’ ಎಂಬ ಒಕ್ಕಣೆ ಬಂದ ಮನೆಗಳಿಗೆ ಅದೂ ಇಲ್ಲ. ಬೆಲ್ಜಿಯಂನ ಈಪ್ರ್ ಪಟ್ಟಣದ ಮೆನಿನ್ ದ್ವಾರದಲ್ಲಿ ಗೋರಿ ಸಿಗದ 54 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ, ಫ್ರಾನ್ಸಿನ ತಿಯೆಪ್ವಾಲ್‌ನಲ್ಲಿ 72 ಸಾವಿರಕ್ಕೂ ಹೆಚ್ಚು. ಯುದ್ಧಕೈದಿಗಳ ಜೊತೆಗೆ ಇಂಥವರನ್ನೂ ಹುಡುಕುವುದಕ್ಕೆಂದು 1914ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಒಂದು ಕಚೇರಿ ತೆರೆಯಿತು. ಅಲ್ಲಿ ಕೈದಿಗಳ, ಗಾಯಾಳುಗಳ, ಕಾಣೆಯಾದವರ ಹೆಸರಲ್ಲಿ ತುಂಬಿದ ಕಾರ್ಡುಗಳ ಸಂಖ್ಯೆ ಸುಮಾರು 70 ಲಕ್ಷ. ಪರಮಹಂಸ, ವಿವೇಕಾನಂದರ ಜೀವನಚರಿತ್ರೆ ಬರೆದವರೆಂದು ನಮ್ಮ ಓದುಗರಿಗೆ ಪರಿಚಿತರಾದ ರೋಮಾಂ ರೋಲಾಂ ಅಲ್ಲಿ ಸ್ವಯಂಸೇವಕರಾಗಿ ದುಡಿದಿದ್ದರು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಇ.ಎಂ. ಫಾರ್ಸ್ಟರ್ ಆಸ್ಪತ್ರೆಯ ಮಂಚದಿಂದ ಮಂಚಕ್ಕೆ ಹೋಗಿ, ಕಾಣೆಯಾದವನನ್ನು ಕೊನೆಗೆ ನೋಡಿದವರು ಯಾರು ಎಂದು ಗಾಯಾಳುಗಳನ್ನು ವಿಚಾರಿಸುತ್ತಿದ್ದರು. ‘ಎ ಪ್ಯಾಸೇಜ್ ಟು ಇಂಡಿಯಾ’ ಬಂದದ್ದು ಆಮೇಲೆ.

ನಿಜಜೀವನದಲ್ಲಿ ನಡೆದದ್ದನ್ನು ಕಾದಂಬರಿಯಲ್ಲಿ ಹಾಗೇ ಬರೆದರೆ ನಂಬುವವರಿಲ್ಲ. 1918ರ ಫೆಬ್ರವರಿ 1ರಂದು ಲಿಯಾಂ ನಗರದ ರೈಲು ನಿಲ್ದಾಣದಲ್ಲಿ, ಜರ್ಮನಿಯಿಂದ ಬಿಡುಗಡೆಯಾಗಿ ಬಂದ ಕೈದಿಗಳ ನಡುವೆ, ತನ್ನ ಹೆಸರೂ ನೆನಪಿಲ್ಲದ ಸೈನಿಕನೊಬ್ಬ ಸಿಕ್ಕಿದ. ಅವನು ಗೊಣಗಿದ್ದನ್ನು ಕೇಳಿದವರು ಆಂಟೆಲ್ಮ್ ಮಾಂಜಾಂ ಎಂದು ಬರೆದುಕೊಂಡರು. ಪತ್ರಿಕೆಗಳಲ್ಲಿ ಭಾವಚಿತ್ರ ಬಂದದ್ದೇ ತಡ, ನಮ್ಮ ಮಗ, ನನ್ನ ಗಂಡ ಎಂದು ನೂರಾರು ಕುಟುಂಬಗಳು ಮುಂದೆ ಬಂದವು. ವ್ಯಾಜ್ಯ ಕೋರ್ಟು ಹತ್ತಿ, ಅವನು ಆಕ್ಟಾವ್ ಮೊಂಜ್ವಾಂ ಎಂದು ಇತ್ಯರ್ಥವಾಗುವಷ್ಟರಲ್ಲಿ ಇಪ್ಪತ್ತು ವರ್ಷ ಸಂದಿತ್ತು. 1942ರಲ್ಲಿ ಅವನು ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಇದೆಲ್ಲ ಯುರೋಪಿನ ಮಾತಾಯಿತು. ಅದೇ ಕಂದಕಗಳಲ್ಲಿ ಹಿಂದೂಸ್ತಾನದ ಹುಡುಗರೂ ಇದ್ದರು. ಯುದ್ಧಕಾಲದಲ್ಲಿ ಸುಮಾರು 1 ಲಕ್ಷ 38 ಸಾವಿರ ಭಾರತೀಯರು ಫ್ರಾನ್ಸಿಗೆ ಹೋದರು. 1915ರ ಮಾರ್ಚ್ ಹೊತ್ತಿಗೆ ಅಲ್ಲಿಂದ ಊರಿಗೆ ವಾರಕ್ಕೆ 10ರಿಂದ 20 ಸಾವಿರ ಕಾಗದ ಹೊರಡುತ್ತಿದ್ದವು. ಬೂಲೋನ್ ಬಂದರಿನಲ್ಲಿ ಕೂತ ಹೊವೆಲ್ ಎಂಬ ಅಧಿಕಾರಿಯ ಸೆನ್ಸಾರ್ ಕಚೇರಿ ಅವುಗಳಲ್ಲಿ ಆಯ್ದವನ್ನು ಇಂಗ್ಲಿಷಿಗೆ ತಿರುಗಿಸಿ ವರದಿ ಬರೆಯುತ್ತಿತ್ತು. ಮೂಲ ಕಾಗದಗಳಲ್ಲಿ ಬಹುಪಾಲು ಕಳೆದುಹೋದವು. ಕಣ್ಗಾವಲಿಗಾಗಿ ಮಾಡಿದ ಆ ತರ್ಜುಮೆಗಳು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ, 1999ರಲ್ಲಿ ಡೇವಿಡ್ ಒಮಿಸ್ಸಿ ಅವುಗಳಿಂದ ಒಂದು ಸಂಕಲನ ತಂದರು. ಸಿಪಾಯಿಗಳೇನು ದಡ್ಡರಲ್ಲ. ಕರಿಮೆಣಸು ಮುಗಿಯುತ್ತಾ ಬಂತು ಎಂದು ಬರೆದರೆ ಭಾರತೀಯ ಪಡೆ ಕರಗುತ್ತಿದೆ ಎಂದರ್ಥ. ಬಿಳಿಯರು ಕೆಂಪು ಮೆಣಸು.

ಆದರೆ ಪ್ರೇಮಕ್ಕೆ ಇಂಥ ಗುಪ್ತಭಾಷೆಯೂ ಒದಗುವಂತಿರಲಿಲ್ಲ. ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಓದುಬರಹ ಬಾರದು. ಒಬ್ಬ ಹೇಳಬೇಕು, ಇನ್ನೊಬ್ಬ ಬರೆಯಬೇಕು, ಮೂರನೆಯವನು ಬೂಲೋನಿನಲ್ಲಿ ಓದಬೇಕು. ಊರು ಮುಟ್ಟಿದ ಮೇಲೆ ಅಂಚೆಯವನೋ ಶಾಲೆಯ ಮೇಷ್ಟ್ರೋ ಮನೆಮಂದಿಯೆಲ್ಲ ಕೂತಲ್ಲಿ ಗಟ್ಟಿಯಾಗಿ ಓದಬೇಕು. ಅತ್ತೆ ಮಾವನ ಎದುರು ಸೊಸೆಗೆ ಏನೆಂದು ಬರೆಸಿಯಾನು? ಎಮ್ಮೆ ಕರು ಹಾಕಿತೇ, ಸಾಲ ತೀರಿತೇ ಎನ್ನುವಲ್ಲಿಗೇ ಮಾತು ನಿಲ್ಲುತ್ತಿತ್ತು.

ಚಂದ್ರಧರ ಶರ್ಮ ಗುಲೇರಿ ಅವರ ಹಿಂದಿ ಕಥೆ ‘ಉಸ್ನೇ ಕಹಾ ಥಾ’ ಈ ಮೂಕತನದಿಂದಲೇ ಹುಟ್ಟಿದೆ. ಮಹಾವೀರ ಪ್ರಸಾದ ದ್ವಿವೇದಿ ಅವರ ‘ಸರಸ್ವತಿ’ ಪತ್ರಿಕೆಯಲ್ಲಿ ಅದು ಬಂದದ್ದು 1915ರಲ್ಲಿ, ಅಂದರೆ ಭಾರತೀಯ ಸೈನಿಕರು ಇನ್ನೂ ಫ್ರಾನ್ಸಿನ ಕೆಸರಲ್ಲಿದ್ದಾಗ. ಗುಲೇರಿ ಅವರಿಗೆ ಅದು ವರ್ತಮಾನ. ನಾವು ಓದುವಾಗ ಇತಿಹಾಸ. ಅಮೃತಸರದ ಪೇಟೆಯ ಗದ್ದಲದಲ್ಲಿ ಹನ್ನೆರಡರ ಹುಡುಗನಿಗೆ ಎಂಟರ ಹುಡುಗಿಯೊಬ್ಬಳು ಅಂಗಡಿ ಮುಂದೆ ಮತ್ತೆ ಮತ್ತೆ ಸಿಗುತ್ತಾಳೆ. ಮದುವೆ ನಿಶ್ಚಯವಾಯಿತೇ ಎಂದು ಅವನು ಪ್ರತಿ ಸಲವೂ ಕೀಟಲೆ ಮಾಡುತ್ತಾನೆ, ಅವಳು ಗದರಿಸಿ ಓಡುತ್ತಾಳೆ. ಒಂದು ದಿನ ಹೌದು ಎಂದುಬಿಡುತ್ತಾಳೆ. ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಹುಡುಗ ಸಿಕ್ಕವರಿಗೆಲ್ಲ ಡಿಕ್ಕಿ ಹೊಡೆಯುತ್ತಾನೆ, ಯಾರದೋ ಬುಟ್ಟಿ ಉರುಳಿಸುತ್ತಾನೆ, ಬೈಸಿಕೊಳ್ಳುತ್ತಾನೆ. ಅಲ್ಲಿ ಲೇಖಕರು ಪ್ರೇಮದ ಹೆಸರೇ ಎತ್ತುವುದಿಲ್ಲ.

ಇಪ್ಪತ್ತೈದು ವರ್ಷದ ಬಳಿಕ ಅವನು ಸಿಖ್ ರೈಫಲ್ಸ್ ಪಡೆಯ ಜಮಾದಾರ ಲಹನಾ ಸಿಂಗ್. ಅವಳು ಅವನ ಸುಬೇದಾರನ ಹೆಂಡತಿ. ಗಂಡನನ್ನೂ ಮಗನನ್ನೂ ಕಾಪಾಡು ಎಂದು ಸೆರಗೊಡ್ಡಿ ಕೇಳಿದ್ದಾಳೆ. ವೇಷ ಮರೆಸಿ ಬಂದ ಜರ್ಮನ್ ಅಧಿಕಾರಿಯನ್ನು ಅವನು ಮಾತಿನಲ್ಲೇ ಹಿಡಿದುಹಾಕುತ್ತಾನೆ, ತನ್ನ ಗಾಯ ಮುಚ್ಚಿಟ್ಟು ಅವರಿಬ್ಬರನ್ನೂ ಗಾಡಿ ಹತ್ತಿಸುತ್ತಾನೆ. ಅವಳಿಗೆ ಅವನು ಕಾಗದ ಬರೆಯುವುದಿಲ್ಲ, ಸುಬೇದಾರನ ಬಾಯಲ್ಲಿ ಒಂದು ಮಾತು ಹೇಳಿಕಳಿಸುತ್ತಾನೆ. ಅವನು ಸತ್ತದ್ದನ್ನು ಗುಲೇರಿ ತಮ್ಮ ಮಾತಲ್ಲಿ ಹೇಳದೆ, ಪತ್ರಿಕೆಯಲ್ಲಿ ಅಚ್ಚಾದ ಸಾವಿನ ಪಟ್ಟಿಯ ಒಂದು ಸಾಲಿಗೆ ಬಿಟ್ಟುಬಿಡುತ್ತಾರೆ. 1960ರಲ್ಲಿ ಬಿಮಲ್ ರಾಯ್ ನಿರ್ಮಾಣದಲ್ಲಿ ಸುನಿಲ್ ದತ್, ನಂದಾ ನಟಿಸಿದ ಸಿನಿಮಾ ಬಂತು. ಅದು ಈ ಕಥೆಗೆ ಹಾಡುಗಳನ್ನು ಸೇರಿಸಿತು. ಕಥೆಗೆ ಬೇಕಿದ್ದದ್ದು ಮೌನ.

ಮೈಸೂರಿನ ಕುದುರೆಪಡೆಯೂ ಆ ಯುದ್ಧದಲ್ಲಿತ್ತು. 1914ರಲ್ಲಿ ಊರು ಬಿಟ್ಟ ಮೈಸೂರು ಲ್ಯಾನ್ಸರ್ಸ್ ಈಜಿಪ್ಟ್ ದಾಟಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣಕ್ಕೆ ನುಗ್ಗಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲೂ ಸ್ಮಾರಕವಿದೆ. ಕೋವಿ, ಮೆಷಿನ್ ಗನ್ನುಗಳ ಎದುರು ಈಟಿ ಹಿಡಿದು ನುಗ್ಗಿದ ಆ ದಿನದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದರ ಹಿಂದಿನ ನಾಲ್ಕು ವರ್ಷ ಮೈಸೂರು ಸೀಮೆಯ ಮನೆಗಳಿಗೆ ಏನು ಸುದ್ದಿ ಬರುತ್ತಿತ್ತು, ಯಾರು ಓದಿ ಹೇಳುತ್ತಿದ್ದರು, ಮಾತು ಕೊಟ್ಟು ಕೂತ ಹುಡುಗಿಯರು ಎಷ್ಟು ಕಾದರು ಎನ್ನುವುದು ಕನ್ನಡದ ಕಾದಂಬರಿಗೆ ತಕ್ಕ ವಸ್ತು. ದಾಳಿಯ ವರ್ಣನೆ ಅದಕ್ಕೆ ಎರಡು ಪುಟ ಸಾಕು.

ಈಗೀಗ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಬರುವ ಯುದ್ಧಪ್ರೇಮದ ಕಾದಂಬರಿಗಳಲ್ಲಿ ಮೊಮ್ಮಗಳಿಗೆ ಅಟ್ಟದ ಮೇಲೆ ಅಜ್ಜಿಯ ಕಾಗದದ ಕಟ್ಟು ಸಿಕ್ಕೇ ಸಿಗುತ್ತದೆ. ಒಂದೂ ಹರಿದಿರುವುದಿಲ್ಲ, ಒಂದಕ್ಕೂ ಮಸಿ ಬಿದ್ದಿರುವುದಿಲ್ಲ. ಚಾರ್ಲ್ಸ್ ಫ್ರೇಜಿಯರ್ ಇಂಥ ಸಲೀಸು ದಾರಿ ಹಿಡಿಯಲಿಲ್ಲ. 1997ರ ‘ಕೋಲ್ಡ್ ಮೌಂಟನ್’ ಕಾದಂಬರಿಯಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಇನ್ಮನ್ ಆಸ್ಪತ್ರೆಯ ಕಿಟಕಿಯಿಂದ ಹೊರಬಿದ್ದು, ತಾನೇ ಕಾಗದವೆಂಬಂತೆ ನಡೆದುಕೊಂಡು ಏಡಾಳ ಬಳಿಗೆ ಹೊರಡುತ್ತಾನೆ. ಸತ್ತವರ ಮನೆಗೆ ತಿಳಿಸುವ ಸರಿಯಾದ ಏರ್ಪಾಡೇ ಆ ಯುದ್ಧದಲ್ಲಿ ಇರಲಿಲ್ಲ. ಕ್ಲಾರಾ ಬಾರ್ಟನ್ ಎಂಬ ಹೆಣ್ಣುಮಗಳು ವಾಷಿಂಗ್ಟನ್ನಿನಲ್ಲಿ ಕಚೇರಿ ತೆರೆದು, 1868ರ ಹೊತ್ತಿಗೆ 63 ಸಾವಿರಕ್ಕೂ ಹೆಚ್ಚು ಕಾಗದಗಳಿಗೆ ಉತ್ತರಿಸಿ, 22 ಸಾವಿರದಷ್ಟು ಕಾಣೆಯಾದವರ ಗತಿ ಏನಾಯಿತೆಂದು ಪತ್ತೆ ಮಾಡಿದರು.

ಇಯಾನ್ ಮೆಕ್ಇವಾನ್ ಅವರ ಎರಡನೆಯ ಮಹಾಯುದ್ಧದ ಕಾದಂಬರಿ ‘ಅಟೋನ್‌ಮೆಂಟ್’ 2001ರದ್ದು. ಅದರ ಕೊನೆ ಸಿನಿಮಾದಿಂದಾಗಿ ಬಹುಮಂದಿಗೆ ಗೊತ್ತು, ಹಾಗಾಗಿ ಹೇಳಬಹುದು. ಸೈನಿಕ ರಾಬಿ ಡಂಕರ್ಕ್ ಕಡಲತೀರದಲ್ಲಿ ನಂಜೇರಿ ಸಾಯುತ್ತಾನೆ, ಅವನ ನಲ್ಲೆ ಸೆಸಿಲಿಯಾ ಲಂಡನ್ನಿನ ಬಾಲಂ ಸುರಂಗ ನಿಲ್ದಾಣದ ಮೇಲೆ ಬಿದ್ದ ಬಾಂಬಿಗೆ ಬಲಿಯಾಗುತ್ತಾಳೆ. ಅವರಿಬ್ಬರೂ ಮತ್ತೆ ಸೇರಿದರೆಂದು ನಾವು ಓದಿದ್ದೆಲ್ಲ ಅವಳ ತಂಗಿ ಬ್ರಯೊನಿ ಪ್ರಾಯಶ್ಚಿತ್ತಕ್ಕೆಂದು ಕಟ್ಟಿದ ಕಥೆ. ಕಾಗದಗಳನ್ನು ಮಾತ್ರ ಮೆಕ್ಇವಾನ್ ಸಡಿಲವಾಗಿ ಬಿಟ್ಟಿಲ್ಲ. ರಾಬಿ ಜೈಲಿನಲ್ಲಿದ್ದಾಗ ಅವನ ಅಂಚೆಯನ್ನು ಅಧಿಕಾರಿಗಳು ಓದುತ್ತಾರೆ, ಆದ್ದರಿಂದ ಪ್ರೇಮಿಗಳಿಬ್ಬರೂ ಹಳೆಯ ಸಾಹಿತ್ಯದ ಪಾತ್ರಗಳ ಹೆಸರು ಹಿಡಿದು ತಮ್ಮ ಮಾತನ್ನು ದಾಟಿಸುತ್ತಾರೆ. ಯುದ್ಧದ ದೃಶ್ಯಗಳಿಗಾಗಿ ಮೆಕ್ಇವಾನ್ ಲಂಡನ್ನಿನ ಯುದ್ಧ ಸಂಗ್ರಹಾಲಯದಲ್ಲಿ ಆ ಕಾಲದ ಕಾಗದಗಳನ್ನು ಓದಿದ್ದರು. ಬ್ರಯೊನಿಯೂ ಕಡಿಮೆಯವಳಲ್ಲ, ತನ್ನ ಹಸ್ತಪ್ರತಿಯ ಸೈನ್ಯದ ವಿವರಗಳನ್ನು ನಿವೃತ್ತ ಕರ್ನಲ್ ಒಬ್ಬನಿಗೆ ಕಳಿಸಿ ತಿದ್ದಿಸಿಕೊಳ್ಳುತ್ತಾಳೆ. ಅವನು ಸಮವಸ್ತ್ರದ ಟೋಪಿಯಂಥ ಸಣ್ಣ ವಿಷಯದಲ್ಲೂ ತಪ್ಪು ಹಿಡಿಯುತ್ತಾನೆ. ಇಷ್ಟಾಗಿಯೂ, ಬಾಲಂ ನಿಲ್ದಾಣಕ್ಕೆ ಬಾಂಬು ಬಿದ್ದು 60ಕ್ಕೂ ಹೆಚ್ಚು ಜನ ಸತ್ತದ್ದು 1940ರ ಅಕ್ಟೋಬರ್ 14ರಂದು. ಕಾದಂಬರಿಯಲ್ಲಿ ಅದು ಸೆಪ್ಟೆಂಬರ್ ಎಂದಿದೆ. ತಿಂಗಳು ತಪ್ಪಿದವರು ಮೆಕ್ಇವಾನೋ ಬ್ರಯೊನಿಯೋ ಎಂದು ಓದುಗರು ಈಗಲೂ ವಾದಿಸಬಹುದು.